‘ಇವತ್ತೇ ಅಡ್ವಾನ್ಸ್ ಹಾಕ್ಬಿಡಿ’ ಅಂದರೆ ಏನು ಮಾಡಬೇಕು?

ಉತ್ತರಹಳ್ಳಿಯ ಒಂದು ಮನೆಯ ಹಾಲ್‌ನಲ್ಲಿ ನಾನೂ ನನ್ನ ಹೆಂಡತಿಯೂ ಕೂತಿದ್ದೆವು. ಟೀಪಾಯಿ ಮೇಲೆ ಕಾಫಿ, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಜೆರಾಕ್ಸ್ ಕಾಗದಗಳ ಕಟ್ಟು. ಮನೆ ನಮಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟಿತ್ತು. ಅದು ನಮ್ಮ ಮುಖದಲ್ಲೂ ಕಾಣುತ್ತಿತ್ತು ಅಂತ ಕಾಣುತ್ತದೆ. ಬ್ರೋಕರ್‌ಗೆ ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದವರು, ‘ಸಾರ್, ಜೆ.ಪಿ. ನಗರದ ಪಾರ್ಟಿ ಸಂಜೆ ಚೆಕ್ ತರ್ತಾರಂತೆ. ನಿಮಗೆ ಬೇಕು ಅಂದ್ರೆ ಈಗಲೇ ಎರಡು ಲಕ್ಷ ಹಾಕ್ಬಿಡಿ. ಇನ್ನು ಮೂರು ದಿನಕ್ಕೆ ಆಷಾಢ ಬೇರೆ’ ಎಂದರು. ನನ್ನ ಕೈ ಆಗಲೇ ಬ್ಯಾಗಿನ ಜಿಪ್ ಎಳೆಯುತ್ತಿತ್ತು. ಹೆಂಡತಿ ಮೆಲ್ಲಗೆ, ‘ಇಸಿ ಎಷ್ಟು ವರ್ಷದ್ದು ತೆಗೆಸಿದ್ದೀರಿ?’ ಎಂದು ಕೇಳಿದಳು. ಇಸಿ ಎಂದರೆ ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಪತ್ರ. ಮಾಲೀಕರೂ ಬ್ರೋಕರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಮನೆಯ ಸಂಗತಿಗೆ ಆಮೇಲೆ ಬರುತ್ತೇನೆ. ಅವತ್ತು ಕಲಿತದ್ದು ಇಷ್ಟು: ಅವಸರದ ಮಾತಿಗೆ ‘ಆಯ್ತು’ ಎಂದೂ ಹೇಳಬೇಡಿ, ‘ಬೇಡ’ ಎಂದೂ ಹೇಳಬೇಡಿ. ಒಂದು ಕಾಗದ ಕೇಳಿ.

ಮನೆ ನೋಡಲು ಹೊರಡುವ ಮೊದಲು

ಒತ್ತಡ ತಡೆದುಕೊಳ್ಳುವ ಶಕ್ತಿ ಬರುವುದು ಲೆಕ್ಕ ಕೈಯಲ್ಲಿದ್ದಾಗ. ಉದಾಹರಣೆಗೆ 80 ಲಕ್ಷದ ಮನೆ ಎನ್ನಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 75ರವರೆಗೆ ಮಾತ್ರ ಕೊಡಬಹುದು. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಮಿತಿ ಶೇ 80. ಅಂದರೆ ಈ ಮನೆಗೆ ಹೆಚ್ಚೆಂದರೆ 64 ಲಕ್ಷ ಸಾಲ, ಕೈಯಿಂದ ಕನಿಷ್ಠ 16 ಲಕ್ಷ ಹಾಕಲೇಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದಕ್ಕೆ ಸೆಸ್ ಮತ್ತು ಸರ್‌ಚಾರ್ಜ್, ಜೊತೆಗೆ ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ 6 ಲಕ್ಷ ದಾಟುತ್ತದೆ, ಇದಕ್ಕೆ ಸಾಲ ಸಿಗುವುದಿಲ್ಲ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ‘ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ’ ಎಂಬ ಮೊತ್ತವನ್ನು ಮನೆಯವರೆಲ್ಲ ಕೂತು ನಿಗದಿ ಮಾಡಿ. ಚೆಕ್ ಪುಸ್ತಕ ಮನೆಯಲ್ಲೇ ಇರಲಿ. ಫೋನಿನಲ್ಲಿ ದುಡ್ಡು ಕಳಿಸುವುದು ಈಗ ಅರೆಕ್ಷಣದ ಕೆಲಸ, ಹಾಗಾಗಿ ಮೊದಲ ಭೇಟಿಯಲ್ಲಿ ಒಂದು ಪೈಸೆಯನ್ನೂ ಕಳಿಸುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

ಒತ್ತಡದ ಮಾತು, ನಿಮ್ಮ ಉತ್ತರ

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಮಾತುಗಳು ಗೊತ್ತು. ‘ಇನ್ನೊಂದು ಪಾರ್ಟಿ ರೆಡಿ ಇದೆ.’ ‘ಆಷಾಢದೊಳಗೆ ಅಗ್ರಿಮೆಂಟ್ ಆಗ್ಬೇಕು.’ ‘ಮಗಳ ಮದುವೆ ಇದೆ, ಅದಕ್ಕೇ ಇಷ್ಟು ಕಡಿಮೆಗೆ ಕೊಡ್ತಿರೋದು.’ ‘ಡಾಕ್ಯುಮೆಂಟ್ಸ್ ಎಲ್ಲಾ ಕ್ಲಿಯರ್, ನಮ್ಮ ಲಾಯರೇ ನೋಡಿದ್ದಾರೆ.’ ಇವೆಲ್ಲ ಸುಳ್ಳೇ ಆಗಿರಬೇಕೆಂದಿಲ್ಲ. ಮಾರುವವರಿಗೂ ಕಷ್ಟ ಇರುತ್ತದೆ, ಮದುವೆ ನಿಜವಾಗಿಯೂ ಇರಬಹುದು. ಸುಳ್ಳೋ ನಿಜವೋ ಎಂದು ಪತ್ತೆ ಮಾಡುತ್ತ ಕೂರಬೇಡಿ, ಅದರಿಂದ ಜಗಳವಾಗುತ್ತದೆಯೇ ಹೊರತು ಮನೆ ಸಿಗುವುದಿಲ್ಲ.

ಬದಲಿಗೆ ಹೀಗೆ ಹೇಳಿ ನೋಡಿ: ‘ಮನೆ ನಮಗೆ ಇಷ್ಟವಾಗಿದೆ ಸಾರ್. ನೀವು ಕಾಗದದ ಜೆರಾಕ್ಸ್ ಕೊಟ್ಟ ದಿನದಿಂದ ಹತ್ತು ದಿನದಲ್ಲಿ ನಮ್ಮ ಲಾಯರ್ ನೋಡಿ ಹೇಳ್ತಾರೆ. ಅವರು ಸರಿ ಅಂದ ಮಾರನೇ ದಿನ ಅಡ್ವಾನ್ಸ್ ಕೊಡ್ತೀವಿ.’ ಇಲ್ಲಿ ನೀವು ಹಿಂದೇಟು ಹಾಕಿಲ್ಲ, ತಾರೀಖನ್ನೂ ಕೊಟ್ಟಿದ್ದೀರಿ. ಆ ತಾರೀಖು ಶುರುವಾಗುವುದು ಮಾತ್ರ ಅವರು ಕಾಗದ ಕೊಟ್ಟಾಗ. ಈಗ ಅವಸರ ಮಾಡಬೇಕಾದವರು ಅವರು. ಒಂದು ಮಾತು: ಬ್ರೋಕರ್‌ಗೆ ಕಮಿಷನ್ ಸಿಗುವುದು ವ್ಯವಹಾರ ಮುಗಿದರೆ ಮಾತ್ರ. ಆದ್ದರಿಂದ ಕಾಗದ ನೋಡುವ ಲಾಯರನ್ನು ಬ್ರೋಕರ್ ಕಡೆಯಿಂದ ತೆಗೆದುಕೊಳ್ಳಬೇಡಿ.

ಯಾವ ಕಾಗದ, ಏಕೆ?

ಮೊದಲು ಮಾರುವವರ ಹೆಸರಿನ ಕ್ರಯಪತ್ರ, ಅದಕ್ಕೂ ಹಿಂದಿನ ತಾಯಿ ಪತ್ರ. ಜಾಗ ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯಲ್ಲಿ ಒಂದು ಕೊಂಡಿಯೂ ತಪ್ಪಬಾರದು. ಬರೀ ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ, ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಜಿಪಿಎ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ.

ನಂತರ ಋಣಭಾರ ಪತ್ರ, ಅಂದರೆ ಇಸಿ. ಕನಿಷ್ಠ 30 ವರ್ಷದ್ದು ಕೇಳಿ. ಅವರು ಕೊಟ್ಟ ಜೆರಾಕ್ಸ್ ನಂಬದೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಿ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಒಂದು ಎಚ್ಚರ: ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಿಳಿ ಹಾಳೆಯಲ್ಲಿ ಇನ್ನೊಬ್ಬರಿಗೆ ಬರೆದುಕೊಟ್ಟ ಕರಾರು ಅದರಲ್ಲಿ ಬರುವುದಿಲ್ಲ. ಅದಕ್ಕೇ ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಕೊಟ್ಟು, ಆಕ್ಷೇಪಣೆಗೆ ಹದಿನೈದು ದಿನ ಬಿಡುವುದು ಒಳ್ಳೆಯದು.

ಖಾತಾ ವಿಷಯದಲ್ಲಿ ಎಷ್ಟೋ ಜನ ಮೋಸಹೋಗುತ್ತಾರೆ. ‘ಖಾತಾ ನನ್ನ ಹೆಸರಲ್ಲಿದೆ ಸಾರ್’ ಅಂದರೆ ತೆರಿಗೆ ಅವರ ಹೆಸರಿನಲ್ಲಿ ಕಟ್ಟಲಾಗುತ್ತಿದೆ ಎಂದಷ್ಟೇ ಅರ್ಥ. ಒಡೆತನಕ್ಕೆ ಅದು ಸಾಕ್ಷಿಯಲ್ಲ. ಅದು ಎ ಖಾತಾನೋ (ನಿಯಮದಂತೆ ಇರುವ ಆಸ್ತಿಯದ್ದು), ಬಿ ಖಾತಾನೋ (ನಿಯಮ ಪಾಲನೆಯಲ್ಲಿ ಲೋಪವಿರುವ ಆಸ್ತಿಯದ್ದು) ಎಂದು ನೋಡಿ. ಬೆಂಗಳೂರು ನಗರದಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ (ಡಿಜಿಟಲ್ ಖಾತಾ) ಇಲ್ಲದೆ ನೋಂದಣಿಯೇ ಆಗುವುದಿಲ್ಲ. ‘ಇ-ಖಾತಾ ಅಪ್ಲೈ ಮಾಡಿದ್ದೀವಿ, ನೀವು ಅಡ್ವಾನ್ಸ್ ಕೊಡಿ’ ಎಂದರೆ, ಬಂದ ಮೇಲೆ ಕೊಡುತ್ತೇವೆ ಎನ್ನಿ.

ಮೂಲ ಪತ್ರಗಳು ಬ್ಯಾಂಕಿನಲ್ಲಿವೆ ಎಂದರೆ ಗಾಬರಿಯಾಗಬೇಕಿಲ್ಲ. ಸಾಲ ಎಷ್ಟು ಬಾಕಿ, ಯಾವ ಯಾವ ಪತ್ರ ತಮ್ಮಲ್ಲಿವೆ ಎಂದು ಬ್ಯಾಂಕಿನಿಂದ ಬರೆಸಿಕೊಂಡು ಬರಲು ಹೇಳಿ.

ಬಿಲ್ಡರ್ ಆಫೀಸಿನಲ್ಲಾದರೆ

ಅಲ್ಲಿ ‘ಲಾಂಚ್ ಆಫರ್ ಭಾನುವಾರಕ್ಕೆ ಮುಗಿಯುತ್ತೆ’ ಎಂಬ ಮಾತಿರುತ್ತದೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಂತೆ, ನೋಂದಣಿ ಬೇಕಿರುವ ಯೋಜನೆಯಲ್ಲಿ ನೋಂದಣಿ ಸಂಖ್ಯೆ ಸಿಗುವ ಮುಂಚೆ ಬುಕಿಂಗ್ ಮಾಡುವಂತೆಯೇ ಇಲ್ಲ. ಮಾರಾಟ ಕರಾರು ಬರೆದು ನೋಂದಣಿ ಮಾಡಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಈ ಎರಡನ್ನು ಹೇಳಿದರೆ ಸಾಕು, ಮಾತಿನ ಧಾಟಿ ಬದಲಾಗುತ್ತದೆ. ಕಟ್ಟಿ ಮುಗಿದ ಫ್ಲ್ಯಾಟ್ ಆದರೆ ಓಸಿ, ಅಂದರೆ ವಾಸಕ್ಕೆ ಅನುಮತಿ ಕೊಟ್ಟ ಪ್ರಮಾಣಪತ್ರ, ಕೇಳಿ.

ಕ್ಯಾಶ್ ಕೇಳಿದರೆ

‘ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡ್ಸೋಣ, ಉಳಿದದ್ದು ಕ್ಯಾಶ್ ಕೊಡಿ, ನಿಮಗೂ ಉಳಿತಾಯ’ ಎಂಬ ಮಾತಿಗೆ ಒಪ್ಪಲೇಬೇಡಿ. (ಗೈಡೆನ್ಸ್ ವ್ಯಾಲ್ಯೂ ಎಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ.) ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ನಿಮಗೆ ಆಗುವ ನಷ್ಟ ಬೇರೆ. ಪತ್ರದಲ್ಲಿ ಬೆಲೆ ಕಡಿಮೆ ಇದ್ದರೆ ಬ್ಯಾಂಕ್ ಸಾಲವೂ ಕಡಿಮೆ, ವ್ಯವಹಾರ ಮುರಿದರೆ ಆ ನಗದು ಕೊಟ್ಟದ್ದಕ್ಕೆ ಪುರಾವೆ ಇಲ್ಲ, ನಾಳೆ ನೀವು ಮಾರುವಾಗ ಲಾಭ ಹೆಚ್ಚು ಕಂಡು ತೆರಿಗೆಯೂ ಹೆಚ್ಚು.

ಟೋಕನ್ ಕೊಡಲೇಬೇಕಾದರೆ

ಕೆಲವೊಮ್ಮೆ ಮನೆ ಕೈತಪ್ಪಬಾರದು ಎಂದು ಚಿಕ್ಕ ಮೊತ್ತ ಕೊಡಬೇಕಾಗುತ್ತದೆ. ಹೋದರೂ ಮನೆ ನಡೆಯುವಷ್ಟು ಮಾತ್ರ ಕೊಡಿ, ಬ್ಯಾಂಕ್ ಮೂಲಕವೇ ಕೊಡಿ. ಅದೇ ಕ್ಷಣ ಈ ಸಾಲುಗಳಿರುವ ರಶೀದಿಗೆ ಎಲ್ಲ ಮಾಲೀಕರ ಸಹಿ ಹಾಕಿಸಿ:

‘ಈ ಮನೆಯ ಒಪ್ಪಿತ ಬೆಲೆ ಇಷ್ಟು. ಟೋಕನ್ ಆಗಿ ಇಷ್ಟು ಪಡೆದಿದ್ದೇವೆ. ಕೊಳ್ಳುವವರ ವಕೀಲರು ಒಡೆತನದ ಕಾಗದಪತ್ರಗಳಲ್ಲಿ ಲೋಪವಿದೆ ಎಂದು ಬರೆದುಕೊಟ್ಟರೆ, ಅಥವಾ ಬ್ಯಾಂಕು ಕಾಗದಪತ್ರದ ಕಾರಣಕ್ಕೆ ಸಾಲ ನಿರಾಕರಿಸಿದರೆ, ಪೂರ್ತಿ ಹಣವನ್ನು ಏಳು ದಿನದಲ್ಲಿ ಹಿಂದಿರುಗಿಸುತ್ತೇವೆ. ಅಲ್ಲಿಯವರೆಗೆ ಈ ಮನೆಯನ್ನು ಬೇರೆಯವರಿಗೆ ಮಾರುವುದಿಲ್ಲ.’

‘ಅದೆಲ್ಲ ಯಾಕೆ ಸಾರ್, ನಂಬಿಕೆ ಇಲ್ವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ‘ನಂಬಿಕೆ ಇದೆ, ಅದಕ್ಕೇ ಕೊಡ್ತಿರೋದು. ಬರಹ ನಮ್ಮ ಮಕ್ಕಳಿಗೋಸ್ಕರ’ ಎಂದು ಹೇಳಿ ಪೆನ್ನು ಮುಂದಿಡಿ. ಸಹಿ ಹಾಕದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ.

ಉತ್ತರಹಳ್ಳಿಯ ಮನೆ

ಅವತ್ತು ನಾವು ದುಡ್ಡು ಕೊಡದೆ ಬಂದೆವು. ಕಾಗದ ಬಂದಿದ್ದು ಆರು ದಿನದ ಮೇಲೆ. ಖಾತಾ ಮಾಲೀಕರ ಹೆಸರಿನಲ್ಲಿತ್ತು, ಕ್ರಯಪತ್ರ ಅವರ ತಂದೆಯ ಹೆಸರಿನಲ್ಲಿತ್ತು. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರು, ತಾಯಿಯೂ ಇರಲಿಲ್ಲ. ವಂಶವೃಕ್ಷ ಕೇಳಿದಾಗ ತುಮಕೂರಿನಲ್ಲಿ ಒಬ್ಬ ತಂಗಿ ಇರುವುದು ತಿಳಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಇಂಥ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಿಗಿರುವಷ್ಟೇ ಪಾಲು ಮಗಳಿಗೂ ಇದೆ. ಅವರ ಸಹಿ ಇಲ್ಲದೆ ನಾವು ಕೊಂಡಿದ್ದರೆ ನಮಗೆ ಸಿಗುತ್ತಿದ್ದುದು ಅರ್ಧ ಮನೆ.

ಜೆ.ಪಿ. ನಗರದ ಪಾರ್ಟಿ ನಿಜವಾಗಿಯೂ ಇದ್ದರು. ಅವರೂ ವಂಶವೃಕ್ಷ ನೋಡಿ ಹಿಂದೆ ಸರಿದಿದ್ದರು. ಆಮೇಲೆ ಮಾಲೀಕರೇ ಫೋನ್ ಮಾಡಿ, ‘ತಂಗಿ ಹತ್ರ ಮಾತಾಡಿದೀನಿ, ಬರ್ತಾಳೆ’ ಎಂದರು. ಆಷಾಢ ಕಳೆದು ಶ್ರಾವಣದಲ್ಲಿ ಅಣ್ಣ ತಂಗಿ ಇಬ್ಬರೂ ಮಾರಾಟಗಾರರಾಗಿ ಉಪನೋಂದಣಾಧಿಕಾರಿ ಕಚೇರಿಗೆ ಬಂದು ಹೆಬ್ಬೆಟ್ಟು, ಫೋಟೊ ಕೊಟ್ಟರು. ಬೆಲೆ 50 ಲಕ್ಷ ದಾಟಿದ್ದರಿಂದ ಶೇ 1 ಟಿಡಿಎಸ್ (ಕೊಳ್ಳುವವರು ಬೆಲೆಯಲ್ಲಿ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಅನ್ನು ಇಬ್ಬರ ಪ್ಯಾನ್‌ಗೂ ಬೇರೆ ಬೇರೆಯಾಗಿ ಕಟ್ಟಿದೆವು. ಚೆಕ್ಕುಗಳನ್ನೂ ಎರಡು ಹೆಸರಿಗೆ ಬರೆದೆವು, ಒಂದು ಅಣ್ಣನಿಗೆ, ಒಂದು ತಂಗಿಗೆ.