ಕುಡಿತಕ್ಕೆ ಬಿದ್ದ ಪೋಷಕರು ಮತ್ತು ಮಗುವಿನ ಭೇಟಿ: ಹಳೆಯ ಆದೇಶವನ್ನು ಬದಲಿಸಿಕೊಳ್ಳುವ ಕ್ರಮ

ವಿಚ್ಛೇದನದ ಸಮಯದಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದ ಭೇಟಿಯ ಏರ್ಪಾಡು ಶಾಶ್ವತವಾದದ್ದೆಂದು ಅನೇಕರು ತಿಳಿದಿರುತ್ತಾರೆ. ಅದು ಹಾಗಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಕಲಂ ಪ್ರಕಾರ ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಆದ ನಂತರವೂ ಮಗುವಿನ ಪಾಲನೆ (ಭೇಟಿಯೂ ಇದರಲ್ಲೇ ಸೇರುತ್ತದೆ), ಪೋಷಣೆ ಮತ್ತು ಶಿಕ್ಷಣದ ಆದೇಶಗಳನ್ನು ನ್ಯಾಯಾಲಯವು ಬದಲಿಸಬಹುದು, ತಡೆಹಿಡಿಯಬಹುದು, ರದ್ದುಪಡಿಸಬಹುದು. ವಿಶೇಷ ವಿವಾಹ ಕಾಯ್ದೆ, 1954ರ ಅಡಿ ಮದುವೆಯಾದವರಿಗೆ 38ನೇ ಕಲಂ ಇದೇ ಅವಕಾಶ ಕೊಡುತ್ತದೆ.

ಮಂಡ್ಯದಲ್ಲಿ ತಾಯಿಯೊಂದಿಗಿರುವ ಎಂಟು ವರ್ಷದ ಮಗಳನ್ನು ಮೈಸೂರಿನ ತಂದೆ ಪ್ರತಿ ಭಾನುವಾರ ಬೈಕಿನಲ್ಲಿ ಮೃಗಾಲಯಕ್ಕೋ ಕಾರಂಜಿ ಕೆರೆಗೋ ಕರೆದೊಯ್ದು, ಸಂಜೆ ಆರಕ್ಕೆ ತಂದುಬಿಡಬೇಕೆಂದು ಆದೇಶವಿದೆ ಎಂದುಕೊಳ್ಳಿ. ತಂದೆ ಕುಡಿತಕ್ಕೆ ಬಿದ್ದಿದ್ದಾರೆ. ತಾಯಿಗೆ ಮೊದಲು ತೋಚುವುದು ಮಗಳನ್ನು ಕಳುಹಿಸದೇ ಇರುವುದು. ಆದರೆ ಅರ್ಜಿ ಹಾಕದೆ ವಾರಗಟ್ಟಲೆ ಭೇಟಿ ತಪ್ಪಿಸಿದರೆ ಆದೇಶ ಮುರಿದವರು ತಾಯಿಯೇ ಎಂದಾಗಿ, ನ್ಯಾಯಾಲಯದಲ್ಲಿ ಕುಡಿತದ ವಿಚಾರ ಹಿಂದೆ ಸರಿಯುತ್ತದೆ. ಕುಡಿದೇ ಬಾಗಿಲಿಗೆ ಬಂದ ದಿನದ ಮಾತು ಬೇರೆ. ಅಂದು ಮಗುವನ್ನು ಬೈಕಿಗೆ ಹತ್ತಿಸಬಾರದು, ಗಲಾಟೆಯಾದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಕಳುಹಿಸದ ಕಾರಣವನ್ನು ಅಂದೇ ಲಿಖಿತವಾಗಿ ತಿಳಿಸಿ ವಕೀಲರನ್ನು ಕಾಣಬೇಕು.

ಅರ್ಜಿಗೆ ಬಲ ಬರುವುದು ಬರೆದಿಟ್ಟ ವಿವರಗಳಿಂದ. ‘ಅವರು ಮಹಾ ಕುಡುಕರು’ ಎಂಬ ವಾಕ್ಯದಿಂದ ಏನೂ ಸಾಬೀತಾಗುವುದಿಲ್ಲ. ‘ಭಾನುವಾರ ಸಂಜೆ 7.40. ಆರಕ್ಕೆ ಬರಬೇಕಿತ್ತು. ಬೈಕಿನ ಸ್ಟ್ಯಾಂಡ್ ಹಾಕಲು ಎರಡು ಸಲ ಕಾಲು ತಪ್ಪಿತು. ಬಾಯಲ್ಲಿ ವಾಸನೆ. ಮಗಳಿಗೆ ಹೆಲ್ಮೆಟ್ ಇರಲಿಲ್ಲ, ಮಧ್ಯಾಹ್ನ ಊಟವಾಗಿರಲಿಲ್ಲ. ಎದುರು ಮನೆಯ ಅಜ್ಜಿ ನೋಡಿದರು’ ಎಂದು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದು ಅರ್ಜಿಯೊಂದಿಗೆ ಪ್ರಮಾಣ ಮಾಡಿ ಸಲ್ಲಿಸುವ ಲಿಖಿತ ಹೇಳಿಕೆಗೆ (ಅಫಿಡವಿಟ್) ಆಧಾರವಾಗುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ, ಆ ಮೊಬೈಲನ್ನೂ ಮಾರದೆ ಇಟ್ಟುಕೊಳ್ಳಿ. ಅವುಗಳ ಪ್ರತಿಯೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಹೇಳುವ, ಎಲೆಕ್ಟ್ರಾನಿಕ್ ದಾಖಲೆಯ ಕುರಿತ ಪ್ರಮಾಣಪತ್ರ (ಸರ್ಟಿಫಿಕೇಟ್) ಸಲ್ಲಿಸಬೇಕಾಗುತ್ತದೆ. ಆಸ್ಪತ್ರೆಯ ಕಾಗದಗಳನ್ನು ಕದ್ದು ತರಿಸಬೇಡಿ, ನ್ಯಾಯಾಲಯದ ಮೂಲಕವೇ ಕೇಳಿ. ಮಗಳು ಮನೆಗೆ ಬಂದೊಡನೆ ‘ಅಪ್ಪ ಕುಡಿದಿದ್ರಾ?’ ಎಂದು ಕೇಳಿ ಅದನ್ನು ರೆಕಾರ್ಡ್ ಮಾಡುವುದಂತೂ ಖಂಡಿತ ಬೇಡ. ಆ ಮಗು ಅಪ್ಪನ ಮೇಲೆ ಸಾಕ್ಷಿ ಹೇಳಲು ಹುಟ್ಟಿದ್ದಲ್ಲ.

ಕೋರಿಕೆಯಲ್ಲಿ ಭೇಟಿಯನ್ನೇ ನಿಲ್ಲಿಸಿ ಎನ್ನುವುದಕ್ಕಿಂತ ಅದರ ರೀತಿಯನ್ನು ಬದಲಿಸಿ ಎಂದು ಕೇಳುವುದು, ಅಪಾಯ ತೀರಾ ಗಂಭೀರವಾಗಿಲ್ಲದಿದ್ದರೆ, ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ಭೇಟಿ ಮಂಡ್ಯದಲ್ಲೇ, ಮೂರನೆಯವರೊಬ್ಬರ ಸಮ್ಮುಖದಲ್ಲಿ ನಡೆಯಲಿ. ತಂದೆ ಓಡಿಸುವ ವಾಹನದಲ್ಲಿ ಮಗುವನ್ನು ಕರೆದೊಯ್ಯದಿರಲಿ. ರಾತ್ರಿ ತಂಗುವುದು ಸದ್ಯಕ್ಕೆ ಬೇಡ. ವ್ಯಸನ ಚಿಕಿತ್ಸೆಯ ವರದಿ ನಿಗದಿತ ಅವಧಿಗೊಮ್ಮೆ ಸಲ್ಲಿಕೆಯಾಗಲಿ. ಕೆಲವು ತಿಂಗಳು ಸರಿಯಾಗಿ ನಡೆದರೆ ಹಂತಹಂತವಾಗಿ ಸಡಿಲಿಸಲಿ ಎಂದು ಬರೆಯಬಹುದು. ಜೊತೆಗಿರುವವರಾಗಿ ಅಜ್ಜ-ಅಜ್ಜಿಯನ್ನು ಸೂಚಿಸುವಾಗ, ಅವರು ಮಗನಿಗೆ ‘ಇವತ್ತು ಬೇಡ, ಹೋಗು’ ಎಂದು ಹೇಳಬಲ್ಲವರೇ ಎಂದು ಯೋಚಿಸಿ. ನ್ಯಾಯಾಲಯವು ವೈದ್ಯಕೀಯ ಮತ್ತು ಕುಟುಂಬ ಕಲ್ಯಾಣ ತಜ್ಞರ ನೆರವು ಪಡೆಯಲು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 12ನೇ ಕಲಂ ಅವಕಾಶ ಕೊಡುತ್ತದೆ.

ಅರ್ಜಿಯನ್ನು ಸಾಮಾನ್ಯವಾಗಿ ಡಿಕ್ರಿ ನೀಡಿದ ನ್ಯಾಯಾಲಯಕ್ಕೇ ಸಲ್ಲಿಸಬೇಕು. ಅಪಾಯ ತುರ್ತಿನದಾಗಿದ್ದರೆ ಅಂತಿಮ ತೀರ್ಮಾನದವರೆಗಿನ ತಾತ್ಕಾಲಿಕ (ಮಧ್ಯಂತರ) ಆದೇಶ ಕೋರುವ ಅರ್ಜಿಯನ್ನು ಅದರ ಜೊತೆಯಲ್ಲೇ ಹಾಕಿ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಕುಡಿತ ತಾಯಿಯದಾಗಿದ್ದು ತಂದೆ ಅರ್ಜಿ ಹಾಕುವುದಾದರೂ ದಾರಿ ಇದೇ, ಆದರೆ ಉಚಿತ ನೆರವಿಗೆ ಸಾಮಾನ್ಯವಾಗಿ ಅವರ ಆದಾಯವನ್ನು ನೋಡಲಾಗುತ್ತದೆ.

ಹೊಸ ಆದೇಶ ಬಂದ ಮೇಲೂ ನೋಟ್‌ಬುಕ್ಕನ್ನು ಮುಚ್ಚಬೇಡಿ. ಚಿಕಿತ್ಸೆ ಪಡೆದವರು ಭೇಟಿಯನ್ನು ಸಡಿಲಿಸಲು ತಾವೂ ಅರ್ಜಿ ಹಾಕಬಹುದು. ಆಗ ಅವರು ಹೊತ್ತಿಗೆ ಸರಿಯಾಗಿ ಬಂದು ಮಗಳೊಂದಿಗೆ ಕೂತು ಊಟ ಮಾಡಿಹೋದ ಭಾನುವಾರಗಳೂ ಅದರಲ್ಲಿ ದಿನಾಂಕ ಸಮೇತ ಇರಬೇಕು.