ಐಹೊಳೆ, ಪಟ್ಟದಕಲ್ಲಿಗೆ ಪ್ರೌಢಶಾಲಾ ಮಕ್ಕಳನ್ನು ಕರೆದೊಯ್ಯುವ ಬಗೆ

ಶೈಕ್ಷಣಿಕ ಪ್ರವಾಸದ ಸಿದ್ಧತೆ ತರಗತಿಯಲ್ಲಿಯೇ ಆರಂಭವಾಗಬೇಕು. ಹೊರಡುವ ಹದಿನೈದು ದಿನ ಮೊದಲೇ ಬಾದಾಮಿ ಚಾಲುಕ್ಯರ ಪಾಠವನ್ನು ಮುಗಿಸಿ, ಪೋಷಕರ ಒಪ್ಪಿಗೆ ಪತ್ರಗಳನ್ನು ಪಡೆದು, ಹಣ ಕೊಡಲಾಗದ ಮಕ್ಕಳ ಖರ್ಚನ್ನು ಅವರ ಹೆಸರು ಯಾರಿಗೂ ತಿಳಿಯದಂತೆ ಹೊಂದಿಸಿರಿ. ನನ್ನ ದೃಷ್ಟಿಯಲ್ಲಿ ಮೌಲ್ಯಶಿಕ್ಷಣದ ಮೊದಲ ಪಾಠ ಇದೇ.

ಐಹೊಳೆಯಲ್ಲಿ ಬಿಸಿಲೇರುವ ಮುನ್ನವೇ ಮೇಗುತಿ ಗುಡ್ಡವನ್ನು ಹತ್ತಿಸಿರಿ. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದ ಸಂಗತಿಯನ್ನು ಹೇಳುವ, ಆತನ ಆಸ್ಥಾನಕವಿ ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಶಾಸನವು ಅಲ್ಲಿನ ಜಿನಾಲಯದ ಗೋಡೆಯಲ್ಲಿದೆ. ಪುಸ್ತಕದಲ್ಲಿ ಒಂದೇ ಸಾಲಾಗಿ ಓದಿದ್ದು ಕಲ್ಲಿನ ಮೇಲೆ ಅಕ್ಷರಗಳಾಗಿ ಕಂಡಾಗ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗುತ್ತಾರೆ, ಆದ್ದರಿಂದ ಇಲ್ಲಿ ಅವಸರಪಡಿಸಬೇಡಿರಿ. ಕೆತ್ತನೆಯನ್ನು ಮುಟ್ಟದೆ ನೋಡುವ ಶಿಸ್ತನ್ನೂ ಇಲ್ಲಿಯೇ ಹೇಳಿಕೊಡಿರಿ.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಮಕ್ಕಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಗಳಗನಾಥ ದೇವಾಲಯದ ನಾಗರ (ಉತ್ತರ ಭಾರತದ ಶೈಲಿಯ) ಶಿಖರವನ್ನೂ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ದ್ರಾವಿಡ (ದಕ್ಷಿಣ ಭಾರತದ ಶೈಲಿಯ) ಶಿಖರವನ್ನೂ ಚಿತ್ರಿಸಿ ಹೋಲಿಸಲು ಹೇಳಿರಿ. ಮರಳಿದ ವಾರದೊಳಗೆ ಆ ಚಿತ್ರಗಳನ್ನು ಶಾಲೆಯಲ್ಲಿ ಪ್ರದರ್ಶಿಸಿ, ಅಂಕಗಳಲ್ಲಿ ಹಿಂದುಳಿದ ಮಗುವಿನ ಸೂಕ್ಷ್ಮ ವೀಕ್ಷಣೆಯನ್ನೂ ಬೆಳಗಿನ ಪ್ರಾರ್ಥನೆಯ ವೇಳೆ ಎಲ್ಲರೆದುರು ಮೆಚ್ಚಿ ಅಭಿನಂದಿಸಿರಿ.