ಧೂಳು ಹಾರಬಾರದು, ಅಂಟಬೇಕು: ಯೂಸ್ ಅಂಡ್ ಥ್ರೋ ಡಸ್ಟರ್ ಬಳಸುವುದು ಹೀಗೆ

ಬೆಂಗಳೂರಿನಲ್ಲಿ ಮನೆ ಮಾಡಿಕೊಂಡವರಿಗೆ ಧೂಳಿನ ಪರಿಚಯ ಮಾಡಿಕೊಡಬೇಕಿಲ್ಲ. ಬೆಳಿಗ್ಗೆ ಒರೆಸಿದ ಟಿ.ವಿ. ಸ್ಟ್ಯಾಂಡ್ ಮೇಲೆ ಸಂಜೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಒಂದು ರಸ್ತೆಯಲ್ಲಿ ಮೆಟ್ರೊ ಕಾಮಗಾರಿ, ಇನ್ನೊಂದರಲ್ಲಿ ವೈಟ್‌ಟಾಪಿಂಗ್, ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವಿ ನಾಲ್ಕಂತಸ್ತು ಏಳುತ್ತಿರುತ್ತದೆ. ಕಿಟಕಿ ಮುಚ್ಚಿದರೆ ಸೆಖೆ, ತೆರೆದರೆ ಧೂಳು. ಜನವರಿಯಿಂದ ಮೊದಲ ಮಳೆ ಬೀಳುವವರೆಗಂತೂ ಕೇಳುವುದೇ ಬೇಡ.

ಮನೆಗೆಲಸಕ್ಕೆ ಬರುವವರು ಗುಡಿಸಿ, ಒರೆಸಿ, ಪಾತ್ರೆ ತೊಳೆದು ಹೋಗುತ್ತಾರೆ. ಸಾಮಾನುಗಳ ಮೇಲಿನ ಧೂಳು ತೆಗೆಯುವ ಕೆಲಸ ಎಷ್ಟೋ ಮನೆಗಳಲ್ಲಿ ಆ ಮಾತುಕತೆಯಲ್ಲಿ ಸೇರಿರುವುದಿಲ್ಲ. ಅದು ಮನೆಯವರ ಪಾಲಿಗೇ ಉಳಿಯುತ್ತದೆ. ಭಾನುವಾರ ಹಳೇ ಬನಿಯನ್ ಬಟ್ಟೆ ಹಿಡಿದು ಶೋಕೇಸ್ ಒರೆಸಲು ನಿಂತರೆ ಅರ್ಧ ಧೂಳು ಬಟ್ಟೆಗೆ, ಅರ್ಧ ಗಾಳಿಗೆ. ಹಾರಿದ್ದು ಸ್ವಲ್ಪ ಹೊತ್ತಿಗೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ಯಾರಿಗಾದರೂ ಸೀನು ಶುರುವಾಗಿರುತ್ತದೆ.

ಇದು ಬರೀ ಕಿರಿಕಿರಿಯ ಮಾತಲ್ಲ. 10 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳು ಉಸಿರಿನ ಜೊತೆ ಒಳಗೆ ಹೋಗುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣವು ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಲೂ ಇರುತ್ತವೆ. ನಮ್ಮ ಅತ್ತೆಗೆ ಉಬ್ಬಸವಿದೆ. ಮನೆಯಲ್ಲಿ ಧೂಳು ಹೊಡೆಯುವಾಗ ಅವರು ಟೆರೇಸ್‌ಗೆ ಹೋಗಿ ಕೂರಬೇಕಾಗುತ್ತಿತ್ತು. ಧೂಳನ್ನು ಜಾಗ ಬದಲಾಯಿಸದೆ ಹಿಡಿದುಕೊಳ್ಳುವ ಸಾಧನ ಬೇಕು ಅಂತ ನಾನು ಹುಡುಕಿದ್ದು ಅದಕ್ಕೇ.

ಅಂಥದ್ದೊಂದು ಈಗ ಸೂಪರ್ ಮಾರ್ಕೆಟ್‌ಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ: ಹಿಡಿಕೆಗೆ ತೊಡಿಸಿ, ಕೊಳೆಯಾದ ಮೇಲೆ ಬಿಸಾಡುವ ಡಸ್ಟರ್. 1994ರಲ್ಲಿ ಜಪಾನಿನ ಕಾವೊ ಕಂಪನಿ ನೆಲಕ್ಕೆಂದು ‘ಕ್ವಿಕಲ್ ವೈಪರ್’ ತಂದಿತು. 1999ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ‘ಸ್ವಿಫರ್’ ತಂದಿತು. ಎರಡೂ ಒಣ ಹಾಳೆಗೆ ಧೂಳು ಅಂಟಿಸಿಕೊಳ್ಳುವ ಸಾಧನಗಳು. ಕೈಯಲ್ಲಿ ಹಿಡಿಯುವ ಕುಚ್ಚಿನ ಡಸ್ಟರ್ ಬಂದದ್ದು ಆಮೇಲೆ.

ಇದು ಕೆಲಸ ಮಾಡುವುದು ಹೇಗೆ ಅಂತ ತಿಳಿದುಕೊಂಡರೆ ಬಳಸುವುದರಲ್ಲಿ ತಪ್ಪಾಗುವುದಿಲ್ಲ. ಕುಚ್ಚಿನಲ್ಲಿರುವುದು ಪಾಲಿಯೆಸ್ಟರ್, ಪಾಲಿಪ್ರೊಪಿಲಿನ್‌ನಂಥ ಪ್ಲಾಸ್ಟಿಕ್‌ನ ತೀರಾ ತೆಳು ಎಳೆಗಳು. ಎಳೆಗಳ ನಡುವಿನ ಸಂದುಗಳಲ್ಲಿ ಧೂಳು ಸಿಕ್ಕಿಕೊಳ್ಳುತ್ತದೆ. ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟಿ ಸಣ್ಣ ಕಣಗಳನ್ನು ಎಳೆದುಕೊಳ್ಳುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವುದೂ ಇದರಿಂದಲೇ. ಕೆಲವು ಕಂಪನಿಗಳು ಎಳೆಗಳಿಗೆ ಒಂಚೂರು ಮಿನರಲ್ ಆಯಿಲ್ ಕೂಡ ಸವರಿರುತ್ತವೆ. ಹಾಗಾಗಿ ಇದಕ್ಕೆ ನೀರು ಸೋಕಿಸಬಾರದು, ಪಾಲಿಶ್ ಸ್ಪ್ರೇ ಹೊಡೆಯಬಾರದು. ಒದ್ದೆಯಾದರೆ ಎಳೆಗಳು ಜಡೆಗಟ್ಟಿ ಕುಚ್ಚು ಚಪ್ಪಟೆಯಾಗುತ್ತದೆ. ಆಮೇಲೆ ಅದಕ್ಕೂ ಬನಿಯನ್ ಬಟ್ಟೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಒಂದು ಕಂಪನಿಯ ರೀಫಿಲ್, ಅಂದರೆ ಬದಲಿ ಕುಚ್ಚು, ಇನ್ನೊಂದರ ಹಿಡಿಕೆಗೆ ಕೂರುವುದು ಗ್ಯಾರಂಟಿ ಇಲ್ಲ. ರೀಫಿಲ್ ಬಿಡಿಯಾಗಿ ಸುಲಭವಾಗಿ ಸಿಗುತ್ತದೆಯೇ ಅಂತ ಮೊದಲು ನೋಡಿ, ಹಿಡಿಕೆ ಆಮೇಲೆ ಆರಿಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಉದ್ದ ಮಾಡಬಹುದಾದ, ತಲೆ ಬಗ್ಗುವ ಹಿಡಿಕೆಯನ್ನೇ ತನ್ನಿ. ಬೀರುವಿನ ಮೇಲಿನ ಧೂಳು ತೆಗೆಯಲು ಅಪ್ಪನೋ ಅಮ್ಮನೋ ಪ್ಲಾಸ್ಟಿಕ್ ಸ್ಟೂಲ್ ಹತ್ತುವುದು ತಪ್ಪುತ್ತದೆ. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಎಷ್ಟು ತಿಂಗಳ ಪಾಡು ಅನ್ನುವುದು ಗೊತ್ತಿರುವುದೇ ಅಲ್ವಾ?

ಕುಚ್ಚು ತೊಡಿಸುವುದು

ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ರೀಫಿಲ್ ಪ್ಯಾಕೆಟ್‌ನಿಂದ ಹೊರಬರುವಾಗ ಒತ್ತಿ ಮಡಚಿದ ಚಪ್ಪಟೆ ಪಟ್ಟಿಯಾಗಿರುತ್ತದೆ. ಅದರ ನಡುವೆ ಉದ್ದಕ್ಕೂ ಹೊಲಿಗೆಯಂಥ ಗೆರೆ, ಗೆರೆಯ ಎರಡೂ ಬದಿಗೆ ಒಂದೊಂದು ಕೊಳವೆಯಂಥ ಜೇಬು. ಹಿಡಿಕೆಯ ತುದಿಯಲ್ಲಿ ಎರಡು ಕವಲುಗಳಿರುತ್ತವೆ. ಒಂದೊಂದು ಕವಲನ್ನು ಒಂದೊಂದು ಜೇಬಿಗೆ ತೂರಿಸಿ, ಬುಡದಲ್ಲಿರುವ ಗುಬುಟಿಗೆ ಸಿಕ್ಕಿಕೊಳ್ಳುವವರೆಗೆ ತಳ್ಳಿ. ಸಿಕ್ಕಿಕೊಳ್ಳದೆ ಬಿಟ್ಟರೆ ಫ್ಯಾನ್ ಒರೆಸುವಾಗ ಕುಚ್ಚು ಕಳಚಿ ಮುಖದ ಮೇಲೆ ಬೀಳುತ್ತದೆ.

ತೊಡಿಸಿದ ಮೇಲೆ ಹಾಗೇ ಶುರು ಮಾಡಬೇಡಿ. ಎಳೆಗಳ ಪದರಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ, ಒಂದು ಪದರ ಈ ಕಡೆಗೆ, ಮುಂದಿನದು ಆ ಕಡೆಗೆ. ಬಿಡಿಸುತ್ತ ಹೋದಂತೆ ಚಪ್ಪಟೆ ಪಟ್ಟಿ ಉಬ್ಬಿ ದುಂಡಗಾಗುತ್ತದೆ. ಉಬ್ಬಿದಷ್ಟೂ ಧೂಳು ಹಿಡಿಯಲು ಜಾಗ ಜಾಸ್ತಿ. ಇದಕ್ಕೆ ಒಂದು ನಿಮಿಷವೂ ಬೇಡ.

ಶುರು ಮಾಡುವ ಮುನ್ನ

ಕಾಲು ಗಂಟೆ ಮೊದಲೇ ಫ್ಯಾನ್ ಆರಿಸಿ, ರಸ್ತೆ ಕಡೆಯ ಕಿಟಕಿ ಮುಚ್ಚಿ. ಗಾಳಿ ಆಡುತ್ತಿದ್ದರೆ ಧೂಳು ಕುಚ್ಚಿಗೆ ಸಿಗುವ ಮೊದಲೇ ಹಾರುತ್ತದೆ. ಟಿ.ವಿ., ದೀಪಗಳ ಸ್ವಿಚ್ ಆರಿಸಿ, ಬಲ್ಬು ತಣ್ಣಗಾಗಲಿ. ದೇವರ ಮನೆಯಲ್ಲಿ ದೀಪವೋ ಊದುಬತ್ತಿಯೋ ಉರಿಯುತ್ತಿದ್ದರೆ ಅದು ಪೂರ್ತಿ ಆರುವವರೆಗೆ ಅತ್ತ ಹೋಗಬೇಡಿ. ಎಳೆಗಳು ಪ್ಲಾಸ್ಟಿಕ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತವೆ. ಅಲರ್ಜಿ ಇರುವವರು ಎನ್95 ಮಾಸ್ಕ್ ಹಾಕಿಕೊಳ್ಳಲಿ. ಈ ಡಸ್ಟರ್‌ನಿಂದ ಧೂಳು ಹಾರುವುದು ಕಡಿಮೆಯಾಗುತ್ತದೆ, ನಿಂತೇ ಹೋಗುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ?

ಮೇಲಿನಿಂದ ಕೆಳಕ್ಕೆ ಬರಬೇಕು ಅಂತ ಎಲ್ಲರಿಗೂ ಗೊತ್ತು. ಮೇಲಿನದು ಕೆಳಗೆ ಬೀಳುತ್ತದೆ, ಆದ್ದರಿಂದ ಕೆಳಗಿನದು ಕೊನೆಗೆ. ಆದರೆ ಬಿಸಾಡುವ ಡಸ್ಟರ್‌ಗೆ ಈ ನಿಯಮ ಹಾಗೇ ಹಾಕಿದರೆ ನಷ್ಟ. ಮನೆಯಲ್ಲಿ ಅತಿ ಹೆಚ್ಚು ಧೂಳಿರುವುದು ಫ್ಯಾನ್ ರೆಕ್ಕೆ, ಬೀರುವಿನ ತಲೆ, ಸಜ್ಜಾ ಅಂಚಿನಲ್ಲಿ. ಹೊಸ ಕುಚ್ಚನ್ನು ಮೊದಲು ಅಲ್ಲಿಗೇ ಕೊಟ್ಟರೆ ಎರಡನೇ ರೆಕ್ಕೆಗೆ ಬರುವಷ್ಟರಲ್ಲಿ ಅದು ಕಪ್ಪಗಾಗಿರುತ್ತದೆ. ಅದೇ ಕುಚ್ಚಿನಲ್ಲಿ ಆಮೇಲೆ ಟಿ.ವಿ. ಪರದೆ ಒರೆಸಿದರೆ ಫ್ಯಾನಿನ ಕೊಳೆಯೇ ಅದಕ್ಕೆ ಮೆತ್ತುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಎರಡು ಕುಚ್ಚು. ಒಂದು ಹೊಸದು, ಒಂದು ಹಿಂದಿನ ಸಲ ಬಳಸಿ ಅರ್ಧ ಕೊಳೆಯಾದದ್ದು. ಎತ್ತರದ ಜಾಗಗಳಿಗೆ ಮೊದಲು ಹಳೆಯ ಕುಚ್ಚು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಟಿ.ವಿ., ಫೋಟೊ, ಶೋಕೇಸ್, ಪುಸ್ತಕದ ಕಪಾಟಿಗೆ ಹೊಸದು. ಕೊನೆಗೆ ಕುರ್ಚಿ ಕಾಲು, ಗೋಡೆಯ ಸ್ಕರ್ಟಿಂಗ್, ಚಪ್ಪಲಿ ಗೂಡಿಗೆ ಮತ್ತೆ ಹಳೆಯದು. ಆಗ ಮೇಲಿನಿಂದ ಕೆಳಕ್ಕೆ ಬಂದ ಹಾಗೂ ಆಯಿತು, ಹೊಸ ಕುಚ್ಚು ಮುಂದಿನ ವಾರಕ್ಕೆ ಉಳಿದ ಹಾಗೂ ಆಯಿತು.

ಫ್ಯಾನ್ ತಿಂಗಳುಗಟ್ಟಲೆ ಒರೆಸಿಲ್ಲ ಅಂದರೆ ಹಳೆಯ ಕುಚ್ಚೂ ಸಾಲದು. ರೆಕ್ಕೆಯ ಮೇಲ್ಭಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಗಾಳಿಯನ್ನು ಸೀಳುತ್ತ ಮುಂದೆ ಹೋಗುವ ಅಂಚಿನಲ್ಲಿ ಧೂಳು ದಪ್ಪ ಬೂದು ಪಟ್ಟಿಯಾಗಿ ಗಟ್ಟಿಯಾಗಿರುತ್ತದೆ, ಹಿಂದಿನ ಅಂಚಿನಲ್ಲಿ ಅಷ್ಟಿರುವುದಿಲ್ಲ. ಆ ಪಟ್ಟಿ ಒಣ ಕುಚ್ಚಿಗೆ ಬರುವುದಿಲ್ಲ. ಹಳೇ ದಿಂಬಿನ ಕವರ್ ಒಳಗೆ ರೆಕ್ಕೆಯನ್ನು ಪೂರ್ತಿ ತೂರಿಸಿ, ಎರಡೂ ಕಡೆ ಒತ್ತಿ ಹಿಡಿದು ನಿಧಾನಕ್ಕೆ ಹೊರಗೆಳೆದರೆ ಧೂಳು ಕವರ್ ಒಳಗೇ ಬೀಳುತ್ತದೆ. ಇದಕ್ಕೆ ಗಟ್ಟಿ ಏಣಿ ಬೇಕು, ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಒಮ್ಮೆ ಹೀಗೆ ಮಾಡಿದ ಮೇಲೆ ವಾರಕ್ಕೊಮ್ಮೆ ನೆಲದ ಮೇಲೆ ನಿಂತೇ ಉದ್ದನೆ ಹಿಡಿಕೆಯ ಡಸ್ಟರ್ ಆಡಿಸಿದರೆ ಸಾಕು. ತೆಳು ಪದರ ಇರುವ ಕಡೆಯೇ ಇದರ ಕೆಲಸ ಚೆನ್ನಾಗಿ ಕಾಣುವುದು.

ಕೈ ಓಡಿಸುವ ರೀತಿ

ಕೋಳಿ ಪುಕ್ಕದ ಡಸ್ಟರ್ ಬಳಸಿ ಅಭ್ಯಾಸ ಇರುವವರ ಕೈ ತಾನಾಗಿಯೇ ಪಟಪಟ ಅಂತ ಹೊಡೆಯುತ್ತದೆ. ಇಲ್ಲಿ ಅದು ಬೇಡ. ಕುಚ್ಚನ್ನು ಮೇಲ್ಮೈಗೆ ಹಗುರಾಗಿ ತಾಗಿಸಿ, ಒಂದೇ ದಿಕ್ಕಿನಲ್ಲಿ ನಿಧಾನಕ್ಕೆ ಎಳೆಯಿರಿ. ತುದಿಗೆ ಬಂದಾಗ ಝಾಡಿಸಿ ಎತ್ತದೆ, ಸ್ವಲ್ಪ ತಿರುಗಿಸಿ ಮೇಲೆತ್ತಿ. ಜೋರಾಗಿ ಒತ್ತಿದರೆ ಎಳೆಗಳು ಮಲಗಿಬಿಡುತ್ತವೆ, ಧೂಳು ಹಿಡಿಯುವ ಬದಲು ತಳ್ಳುತ್ತವೆ. ಒಂದು ಮಗ್ಗುಲು ಬೂದು ಬಣ್ಣಕ್ಕೆ ತಿರುಗಿದರೆ ಹಿಡಿಕೆ ತಿರುಗಿಸಿ ಇನ್ನೊಂದು ಮಗ್ಗುಲು ಬಳಸಿ.

ಟಿ.ವಿ. ಹಿಂದಿನ ವೈರುಗಳ ಗೊಂಚಲು, ವೈಫೈ ರೂಟರ್‌ನ ಸಂದು, ಬ್ಲೈಂಡ್ಸ್‌ನ ಪಟ್ಟಿಗಳು, ಮಡಚಿಟ್ಟ ಹೊಲಿಗೆ ಯಂತ್ರದ ಮೂಲೆ, ಇಲ್ಲೆಲ್ಲ ಬಟ್ಟೆ ಹೋಗುವುದಿಲ್ಲ, ಕುಚ್ಚು ಹೋಗುತ್ತದೆ. ಸಂದಿನೊಳಗೆ ತೂರಿಸಿ ಹಿಡಿಕೆಯನ್ನು ಬೆರಳಿನಲ್ಲಿ ಉರುಳಿಸಿದರೆ ಸಾಕು. ಇದೊಂದು ಕಾರಣಕ್ಕಾದರೂ ಒಂದು ಡಸ್ಟರ್ ಮನೆಯಲ್ಲಿರಲಿ ಅನ್ನುತ್ತೇನೆ. ಪುಸ್ತಕಗಳ ತಲೆಯ ಮೇಲಿನ ಧೂಳು ತೆಗೆಯುವಾಗ ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಬೆನ್ನಿನ ಕಡೆಯಿಂದ ಹೊರಗಡೆಗೆ ಎಳೆಯಿರಿ. ಇಲ್ಲದಿದ್ದರೆ ಧೂಳು ಹಾಳೆಗಳ ನಡುವೆ ಇಳಿಯುತ್ತದೆ.

ಎಲ್ಲಿ ಬೇಡ

ಅಡುಗೆಮನೆಯಲ್ಲಿ ಬೇಡವೇ ಬೇಡ. ಒಗ್ಗರಣೆಯ ಜಿಡ್ಡು ಸೇರಿದ ಧೂಳು ಚಿಮಣಿ ಮೇಲೆ, ಎಕ್ಸಾಸ್ಟ್ ಫ್ಯಾನಿನಲ್ಲಿ ಮೇಣದಂತೆ ಕೂತಿರುತ್ತದೆ. ಅದಕ್ಕೆ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಬ್ರಶ್ಶೇ ಆಗಬೇಕು. ಕಿಟಕಿಯ ಸೊಳ್ಳೆ ಮೆಶ್‌ಗೂ ಬೇಡ. ಎಳೆಗಳು ತಂತಿಗೆ ಸಿಕ್ಕಿ ಕಿತ್ತು ಬರುತ್ತವೆ. ನಯ ಮಾಡದ ಮರ, ಬೆತ್ತದ ಕುರ್ಚಿಗೂ ಇದೇ ಮಾತು. ಗಿಡದ ಎಲೆಗೆ ಒದ್ದೆ ಬಟ್ಟೆ ಒಳ್ಳೆಯದು.

ಪಕ್ಕದಲ್ಲೇ ಕಟ್ಟಡ ಏಳುತ್ತಿದ್ದು ಸಿಮೆಂಟು, ಮರಳಿನ ಪುಡಿ ಬಂದು ಕೂರುತ್ತಿದ್ದರೆ ಹುಷಾರು. ಅದು ಗರಗರ ಇರುತ್ತದೆ. ಒಣದಾಗಿ ಎಳೆದರೆ ಪಾಲಿಶ್ ಮಾಡಿದ ಟೀಪಾಯಿಗೆ ಗೀರು ಬೀಳಬಹುದು. ಮೊದಲು ವ್ಯಾಕ್ಯೂಮ್ ಅಥವಾ ಚೆನ್ನಾಗಿ ಒದ್ದೆ ಮಾಡಿದ ಬಟ್ಟೆ, ಆಮೇಲೆ ಬೇಕಾದರೆ ಡಸ್ಟರ್.

ದಸರಾ ಗೊಂಬೆ ಕೂರಿಸುವವರಿಗೆ ಒಂದು ಮಾತು. ಮರದ ಪಟ್ಟದ ಗೊಂಬೆಯ ಮೇಲೆ ಕುಚ್ಚನ್ನು ಹಗುರಾಗಿ ಆಡಿಸಬಹುದು, ಆದರೆ ಉಡಿಸಿದ ಜರಿ ಬಟ್ಟೆಗೆ ತಾಗಿಸಬೇಡಿ, ಎಳೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಸಿಪ್ಪೆ ಏಳುತ್ತಿರುವ ಹಳೇ ಮಣ್ಣಿನ ಗೊಂಬೆಗಳಿಗಂತೂ ಡಸ್ಟರ್ ಬೇಡ. ಚಿತ್ರ ಬರೆಯುವ ಮೆತ್ತನೆ ಬ್ರಶ್ ತೆಗೆದುಕೊಂಡು ಒಂದೊಂದನ್ನೇ ನಿಧಾನಕ್ಕೆ ಮಾಡಿ. ಅಜ್ಜಿ ಕಾಲದ ಗೊಂಬೆಯ ಕಣ್ಣಿನ ಬಣ್ಣ ಒಮ್ಮೆ ಉದುರಿದರೆ ಮತ್ತೆ ಬರುವುದಿಲ್ಲ.

ಮಳೆಗಾಲದಲ್ಲಿ ಈ ಡಸ್ಟರ್ ಕೊಂಚ ಸಪ್ಪೆ. ಗಾಳಿಯಲ್ಲಿ ತೇವ ಇದ್ದಾಗ ಸ್ಥಿರ ವಿದ್ಯುತ್ ನಿಲ್ಲುವುದಿಲ್ಲ, ಧೂಳೂ ತೇವ ಹಿಡಿದು ಅಂಟಿಕೊಂಡಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಿಂಡಿದ ಮೈಕ್ರೊಫೈಬರ್ ಬಟ್ಟೆಯೇ ಮೇಲು. ಫೆಬ್ರುವರಿ, ಮಾರ್ಚ್‌ನ ಒಣ ಹವೆಯಲ್ಲಿ ಕುಚ್ಚು ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ಧೂಳು ಜಾಸ್ತಿ ಇರುವುದೂ ಆಗಲೇ.

ಬಿಸಾಡುವ ಸಾಮಾನು, ಪ್ಲಾಸ್ಟಿಕ್ ಬೇರೆ, ಇದು ಸರಿಯೇ ಅಂತ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನನ್ನ ಮಟ್ಟಿಗೆ, ಬಯಲಾಗಿರುವ ಮೇಜು, ಕಪಾಟಿನ ಹಲಗೆಗಳಿಗೆಲ್ಲ ತೊಳೆದು ಬಳಸುವ ಮೈಕ್ರೊಫೈಬರ್ ಬಟ್ಟೆಯೇ ಇರಲಿ. ಅದನ್ನು ಒಗೆಯುವಾಗ ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ, ಎಳೆಗಳಿಗೆ ಲೇಪ ಕೂತು ಹಿಡಿಯುವ ಗುಣ ಹೋಗುತ್ತದೆ. ಬಟ್ಟೆ ತಲುಪದ ಕಡೆ, ನೀರು ತಾಗಬಾರದ ಕಡೆ, ಕೈ ಎಟುಕದ ಕಡೆ ಮಾತ್ರ ಕುಚ್ಚು. ಹೀಗೆ ಹಂಚಿಕೊಂಡರೆ ಪ್ಯಾಕೆಟ್ ತುಂಬಾ ದಿನ ಬರುತ್ತದೆ.

ಕೊಳೆಯಾದ ಕುಚ್ಚನ್ನು ಬಾಲ್ಕನಿಯಿಂದ ಕೊಡವಬೇಡಿ. ಕೆಳಗಿನ ಮನೆಯವರು ಒಣಗಲು ಹಾಕಿದ ಬಟ್ಟೆ ಅಲ್ಲಿರುತ್ತದೆ. ಕೊಡವಿದ ಧೂಳಿನಲ್ಲಿ ಒಂದಷ್ಟು ನಿಮ್ಮ ಕಿಟಕಿಯಿಂದಲೇ ವಾಪಸ್ ಬರುತ್ತದೆ. ಎರಡೂ ಮಗ್ಗುಲು ಬೂದು ಬಣ್ಣಕ್ಕೆ ತಿರುಗಿ, ಎಳೆದ ಕಡೆ ಧೂಳು ಉಳಿಯಲು ಶುರುವಾದರೆ ಕುಚ್ಚಿನ ಆಯಸ್ಸು ಮುಗಿಯಿತು. ಅದನ್ನು ಹಿಡಿಕೆಯಿಂದ ಎಳೆಯುವ ಮೊದಲು ಹಳೇ ನ್ಯೂಸ್‌ಪೇಪರ್ ಸುತ್ತಿ, ಪೇಪರ್ ಸಮೇತ ಕಳಚಿ. ಕೈಗೂ ಧೂಳು ತಾಗುವುದಿಲ್ಲ.

ಕಸದ ಗಾಡಿಗೆ ಕೊಡುವಾಗ ಇದು ಪ್ಲಾಸ್ಟಿಕ್ ಅಂತ ಒಣ ಕಸದ ಚೀಲಕ್ಕೆ ಹಾಕಬೇಡಿ. ಕೊಳೆ ತುಂಬಿದ ಕುಚ್ಚು ಮರುಬಳಕೆಗೆ ಬರುವುದಿಲ್ಲ, ಚೀಲದಲ್ಲಿರುವ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆ ಕಡ್ಡಾಯ ಮಾಡಿದ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬಿ, ಒಣ ಕಸಕ್ಕೆ ಚೀಲ, ಯಾವುದಕ್ಕೂ ಬಾರದ್ದಕ್ಕೆ ಕೆಂಪು ಡಬ್ಬಿ. ಮನೆ ಗುಡಿಸಿದ ಕಸ ಹೋಗುವ ಆ ಕೆಂಪು ಡಬ್ಬಿಗೇ ಕುಚ್ಚೂ ಹೋಗಬೇಕು. ರೀಫಿಲ್ ಸುತ್ತಿ ಬಂದ ರಟ್ಟಿನ ಪೆಟ್ಟಿಗೆ ಒಣ ಕಸದ ಚೀಲಕ್ಕೆ.

ಇಷ್ಟಾದ ಮೇಲೆ ನೆಲ ಒರೆಸಿ, ಅದಕ್ಕೂ ಮೊದಲು ಬೇಡ. ಕೆಲಸದವರು ಬೆಳಿಗ್ಗೆ ಒಂಬತ್ತಕ್ಕೆ ಬರುವುದಾದರೆ ಎಂಟೂವರೆಗೆ ಡಸ್ಟರ್ ಹಿಡಿಯಿರಿ. ಉದುರಿದ್ದೆಲ್ಲ ಅವರ ಒದ್ದೆ ಬಟ್ಟೆಗೆ ಹೋಗುತ್ತದೆ. ಹಿಡಿಕೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಅರ್ಧ ಬಳಸಿದ ಕುಚ್ಚನ್ನು ಮುಂದಿನ ವಾರದ ಫ್ಯಾನಿಗೆಂದು ಒಂದು ಕವರ್‌ನಲ್ಲಿ ಕಟ್ಟಿಡಿ.